ನಿಲ್ಲಿಸಿದ ಕಾರಿನಲ್ಲಿ ಕೆಲಸ ಮಾಡಲು ಎಂಥ ಲ್ಯಾಪ್‌ಟಾಪ್ ಬೇಕು?

ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಪ್ರಾಸೆಸರ್ ಯಾವುದು, ರ್‍ಯಾಮ್ ಎಷ್ಟು, ಸ್ಟೋರೇಜ್ ಎಷ್ಟು ಅಂತ. ಸ್ಪೆಕ್ ಪಟ್ಟಿಯ ತಲೆಯಲ್ಲಿ ಇರುವುದೂ ಅವೇ. ಪರದೆಗೆ ಎಷ್ಟು ಬೆಳಕಿದೆ, ಬ್ಯಾಟರಿ ಎಷ್ಟು ವ್ಯಾಟ್-ಅವರ್ (ಎಷ್ಟು ವ್ಯಾಟನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಅಳತೆ), ಚಾರ್ಜರ್ ಎಷ್ಟು ವ್ಯಾಟ್, ಎಷ್ಟು ಸೆಖೆಯವರೆಗೆ ಬಳಸಬಹುದು ಎಂಬ ವಿವರಗಳೆಲ್ಲ ಬುಡದಲ್ಲಿ, ಯಾರೂ ಓದದ ಜಾಗದಲ್ಲಿರುತ್ತವೆ. ಮೇಜಿನ ಮೇಲಿಟ್ಟು ಕೆಲಸ ಮಾಡುವವರಿಗೆ ಈ ಕ್ರಮದಿಂದ ತೊಂದರೆಯೇನೂ ಇಲ್ಲ. ಆದರೆ ಸೈಟಿನ ಪಕ್ಕ ಕಾರು ನಿಲ್ಲಿಸಿ ವರದಿ ಬರೆಯುವ ಇಂಜಿನಿಯರ್, ಎರಡು ಭೇಟಿಗಳ ನಡುವೆ ಆರ್ಡರ್ ಹಾಕುವ ಸೇಲ್ಸ್‌ನವರು, ಮಗಳ ಕ್ಲಾಸ್ ಮುಗಿಯುವವರೆಗೆ ಹೊರಗೆ ಕಾಯುತ್ತಾ ಕೆಲಸ ಮುಗಿಸಿಕೊಳ್ಳುವ ಅಪ್ಪ, ಇಂಥವರು ಆ ಪಟ್ಟಿಯನ್ನು ಬುಡದಿಂದ ಮೇಲಕ್ಕೆ ಓದಬೇಕು.

ಯಾಕೆಂದರೆ ಕಾರು ಅನ್ನುವುದು ಕಂಪ್ಯೂಟರಿಗೆ ಹೇಳಿಮಾಡಿಸಿದ ಜಾಗವಲ್ಲ. ಸುತ್ತಲೂ ಗಾಜು, ಹಾಗಾಗಿ ಬೆಳಕು ಎಲ್ಲ ಕಡೆಯಿಂದಲೂ ನುಗ್ಗುತ್ತದೆ. ಬಾಗಿಲು ಮುಚ್ಚಿದರೆ ಒಳಗೆ ಸೇರಿದ ಬಿಸಿ ಹೊರಗೆ ಹೋಗುವುದಿಲ್ಲ. ಮೇಜಿಲ್ಲ. ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಇರುವುದು 12 ವೋಲ್ಟಿನ ಒಂದು ಸಾಕೆಟ್. ಈ ನಾಲ್ಕಕ್ಕೆ ಹೊಂದಿಕೊಳ್ಳದ ಲ್ಯಾಪ್‌ಟಾಪ್ ಎಷ್ಟೇ ವೇಗದ್ದಾದರೂ ಕಾರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಕಾಣದ ಪರದೆ

ಪರದೆಯ ಬೆಳಕನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಕಡಿಮೆ ಬೆಲೆಯ ಬಹುಪಾಲು ಲ್ಯಾಪ್‌ಟಾಪ್‌ಗಳು 250ರಿಂದ 300 ನಿಟ್ಸ್ ಕೊಡುತ್ತವೆ. ಕೋಣೆಯೊಳಗೆ ಇದು ಧಾರಾಳವಾಯಿತು, ರಾತ್ರಿ ಹೊತ್ತು ಇನ್ನೂ ಇಳಿಸಿಕೊಳ್ಳಬೇಕಾಗುತ್ತದೆ. ಹಾಗಾದರೆ ಅದೇ ಪರದೆ ಕಾರಿನಲ್ಲಿ ಯಾಕೆ ಸತ್ತ ಹಾಗೆ ಕಾಣುತ್ತದೆ?

ಪರದೆ ತಾನು ಬೆಳಕು ಕೊಡುವುದರ ಜೊತೆಗೆ ತನ್ನ ಮೇಲೆ ಬಿದ್ದ ಬೆಳಕನ್ನೂ ವಾಪಸು ಎಸೆಯುತ್ತದೆ. ಈ ವಾಪಸು ಬಂದ ಬೆಳಕು ಕಪ್ಪು ಅಕ್ಷರದ ಮೇಲೂ ಬಿಳಿ ಹಾಳೆಯ ಮೇಲೂ ಸಮನಾಗಿ ಕೂರುತ್ತದೆ, ಕಪ್ಪು ಬೂದಿಯಾಗುತ್ತದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಆಫೀಸಿನಲ್ಲಿ ಸುಮಾರು 500 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕಿರುತ್ತದೆ. ಪರದೆ ಅದರಲ್ಲಿ ಶೇಕಡಾ 4ರಷ್ಟನ್ನು ಚದುರಿಸಿ ಹಿಂತಿರುಗಿಸುತ್ತದೆ ಅಂದುಕೊಂಡರೆ 20 ಲಕ್ಸ್ ಆಯಿತು, ನಿಟ್ಸ್‌ಗೆ ತರಲು 3.14ರಿಂದ ಭಾಗಿಸಿದರೆ ಕಣ್ಣಿಗೆ ಬರುವುದು ಬರೀ 6 ನಿಟ್ಸ್. 250 ನಿಟ್ಸ್‌ನ ಪರದೆಯಲ್ಲಿ ಬಿಳಿಗೂ ಕಪ್ಪಿಗೂ ನಲವತ್ತು ಪಟ್ಟು ವ್ಯತ್ಯಾಸ ಉಳಿಯುತ್ತದೆ. ಈಗ ನೆರಳಲ್ಲೇ ನಿಂತ ಕಾರು, ಆದರೆ ಹಗಲು, ಪರದೆಯ ಮೇಲೆ 5,000 ಲಕ್ಸ್ ಬೀಳುತ್ತಿದೆ. ಹಿಂತಿರುಗುವ ಬೆಳಕು 64 ನಿಟ್ಸ್‌ಗೆ ಏರುತ್ತದೆ. ಅದೇ ಪರದೆಯಲ್ಲಿ ಬಿಳಿ 314, ಕಪ್ಪು 64. ವ್ಯತ್ಯಾಸ ಐದು ಪಟ್ಟಿಗೂ ಕಮ್ಮಿ. ವೆಬ್ ಪುಟಗಳನ್ನು ಎಲ್ಲರೂ ಓದುವಂತಿರಬೇಕು ಎಂದು ನಿಯಮ ರೂಪಿಸಿದ ಡಬ್ಲ್ಯು3ಸಿ ಸಂಸ್ಥೆ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5 ಪಟ್ಟು ವ್ಯತ್ಯಾಸ ಬೇಕು ಅನ್ನುತ್ತದೆ. ಅಂದರೆ ಅಚ್ಚ ಬಿಳಿಯ ಮೇಲಿನ ಅಚ್ಚ ಕಪ್ಪು ಅಕ್ಷರವೇ ಅಂಚಿಗೆ ಬಂದು ನಿಂತಿದೆ. ಇನ್ನು ಎಕ್ಸೆಲ್‌ನ ತೆಳು ಗೆರೆ, ಮ್ಯಾಪಿನ ಮೇಲಿನ ಬೂದು ಹೆಸರು, ಇವೆಲ್ಲ ಕಾಣಿಸುವ ಮಾತೇ ಇಲ್ಲ.

500 ನಿಟ್ಸ್‌ನ ಪರದೆಯಾದರೆ ಇದೇ ಬೆಳಕಿನಲ್ಲಿ ಸುಮಾರು ಒಂಬತ್ತು ಪಟ್ಟು ವ್ಯತ್ಯಾಸ ಸಿಗುತ್ತದೆ. ಆರಾಮ ಅಂತಲ್ಲ, ಆದರೆ ಕೆಲಸ ನಡೆಯುತ್ತದೆ. ಹಾಗಾಗಿ ಕಾರಿಗೆ 400 ನಿಟ್ಸ್ ಕನಿಷ್ಠ, 500 ಇದ್ದರೆ ನೆಮ್ಮದಿ ಎಂದು ಇಟ್ಟುಕೊಳ್ಳಿ. ಅದಕ್ಕೂ ಮೇಲೆ ಹೋಗುವವೂ ಇವೆ. 2024ರ ಕೊನೆಯಲ್ಲಿ ಬಂದ ಎಂ4 ಮ್ಯಾಕ್‌ಬುಕ್ ಪ್ರೊ ಹೊರಗಿನ ಬೆಳಕಿನಲ್ಲಿ 1,000 ನಿಟ್ಸ್ ತನಕ ಏರುತ್ತದೆ. ಪೊಲೀಸರು, ಆಂಬುಲೆನ್ಸಿನವರು ಬಳಸುವ ಟಫ್‌ಬುಕ್ ಥರದ ಗಟ್ಟಿ ಯಂತ್ರಗಳಲ್ಲೂ 1,000 ನಿಟ್ಸ್ ಆಸುಪಾಸಿನ ಪರದೆ ಸಿಗುತ್ತದೆ. ಆದರೆ ನೇರ ಬಿಸಿಲಿನಲ್ಲಿ ಲಕ್ಸ್ ಲೆಕ್ಕ ಒಂದು ಲಕ್ಷದ ಹತ್ತಿರ ಹೋಗುತ್ತದೆ, ಅಲ್ಲಿ ಇವೂ ಒದ್ದಾಡುತ್ತವೆ. ಪರದೆಗೆ ಎಷ್ಟೇ ಖರ್ಚು ಮಾಡಿ, ಕಾರನ್ನು ನೆರಳಿಗೆ ನಿಲ್ಲಿಸಿದಷ್ಟು ಲಾಭ ಅದರಿಂದ ಬರುವುದಿಲ್ಲ.

ಇನ್ನೊಂದು ವಿಷಯ ಪರದೆಯ ಮೈ. ಹೊಳೆಯುವ ಗಾಜಿನ ಪರದೆ ಅಂಗಡಿಯಲ್ಲಿ ಬಲು ಚೆಂದ ಕಾಣುತ್ತದೆ, ಕಾರಿನಲ್ಲಿ ಕನ್ನಡಿಯಾಗುತ್ತದೆ. ಹಿಂದಿನ ಕಿಟಕಿ, ನಿಮ್ಮ ಬಿಳಿ ಅಂಗಿ, ಮುಖ, ಎಲ್ಲ ಅಕ್ಷರದ ಮೇಲೆ ಬಂದು ಕೂರುತ್ತವೆ. ಹೊಳಪಿಲ್ಲದ ಮ್ಯಾಟ್ ಪರದೆ ಆ ಪ್ರತಿಬಿಂಬವನ್ನು ಮಸುಕು ಮಾಡಿ ಹರಡಿಬಿಡುತ್ತದೆ. ಬಣ್ಣ ಸ್ವಲ್ಪ ಸಪ್ಪೆಯಾಗಬಹುದು, ಆದರೆ ಓದಲಾಗುತ್ತದೆ. ಫೋಟೊ ತಿದ್ದುವ ಕೆಲಸವನ್ನು ಕಾರಿನಲ್ಲಿ ಮಾಡುವವರು ವಿರಳ, ಉಳಿದವರು ಕಣ್ಣುಮುಚ್ಚಿ ಮ್ಯಾಟ್ ಆರಿಸಬಹುದು. ಹೊಳೆಯುವ ಪರದೆ ಈಗಾಗಲೇ ಕೈಯಲ್ಲಿದ್ದರೆ ಕಡು ಬಣ್ಣದ ಅಂಗಿ ಹಾಕಿಕೊಂಡು ಕೂತು ನೋಡಿ. ತಮಾಷೆಗೆ ಹೇಳುತ್ತಿಲ್ಲ, ವ್ಯತ್ಯಾಸ ಎದ್ದು ಕಾಣುತ್ತದೆ.

ಡಾರ್ಕ್ ಮೋಡ್ ಪ್ರಿಯರು ಹಗಲು ಕಾರಿನಲ್ಲಿ ಅದನ್ನು ಬಿಡಲೇಬೇಕು. ಪ್ರತಿಬಿಂಬ ಎದ್ದು ಕಾಣುವುದೇ ಕಪ್ಪು ಭಾಗದಲ್ಲಿ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಒಂದು ಅಳತೆ ದೊಡ್ಡ ಫಾಂಟ್: ಇದಕ್ಕೆ ಕಾಸು ಖರ್ಚಿಲ್ಲ. ಬ್ಯಾಟರಿ ಸೇವರ್ ಆನ್ ಆದರೆ ಪರದೆ ತಾನಾಗಿ ಮಂಕಾಗುವುದುಂಟು, ಸೆಟ್ಟಿಂಗ್‌ನಲ್ಲಿ ಅದನ್ನು ತಪ್ಪಿಸಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಳ್ಳುವವರು ಕೊಳ್ಳುವ ಮುನ್ನ ಅದೇ ಕನ್ನಡಕದಲ್ಲಿ ಪರದೆ ನೋಡಬೇಕು. ಎಲ್‌ಸಿಡಿಯಿಂದ ಹೊರಡುವ ಬೆಳಕೂ ಪೋಲರೈಸ್ ಆಗಿಯೇ (ಒಂದೇ ದಿಕ್ಕಿನಲ್ಲಿ ಕಂಪಿಸುತ್ತಾ) ಬರುವುದರಿಂದ ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿ ಕಾಣುತ್ತವೆ, ಯಂತ್ರವೇ ಕೆಟ್ಟಿತೇನೋ ಅನ್ನಿಸುವಷ್ಟು. ಪಕ್ಕದವರಿಗೆ ಕಾಣದಂತೆ ಅಂಟಿಸುವ ಪ್ರೈವಸಿ ಹಾಳೆಯೂ ಬೆಳಕನ್ನು ನುಂಗುತ್ತದೆ ಎಂಬುದು ನೆನಪಿರಲಿ.

ಕರೆಂಟಿನ ಲೆಕ್ಕ

ಕಾರಿನಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಮಾಡುವುದು ಅಂದರೆ ಬಹಳ ಜನಕ್ಕೆ ಇನ್ವರ್ಟರ್ ನೆನಪಾಗುತ್ತದೆ. 12 ವೋಲ್ಟಿನ ಡಿಸಿಯನ್ನು (ಬ್ಯಾಟರಿಯ ಕರೆಂಟು) ಮನೆಯ ಎಸಿಗೆ (ಗೋಡೆಯ ಪ್ಲಗ್ಗಿನ ಕರೆಂಟು) ಏರಿಸುವ ಡಬ್ಬಿ. ಅದಕ್ಕೆ ಲ್ಯಾಪ್‌ಟಾಪ್ ಜೊತೆ ಬಂದ ಅಡಾಪ್ಟರ್ ಸಿಕ್ಕಿಸಿದರೆ ಅದು ಮತ್ತೆ ಎಸಿಯನ್ನು 20 ವೋಲ್ಟಿನ ಡಿಸಿಗೆ ಇಳಿಸುತ್ತದೆ. ಏರಿಸಿ ಇಳಿಸುವ ಎರಡು ಹಂತದಲ್ಲೂ ಹತ್ತು ಹದಿನೈದು ಶೇಕಡಾ ವಿದ್ಯುತ್ ಬಿಸಿಯಾಗಿ ಸೋರಿಹೋಗುತ್ತದೆ. ಲ್ಯಾಪ್‌ಟಾಪಿಗೆ 60 ವ್ಯಾಟ್ ಮುಟ್ಟಬೇಕಾದರೆ ಕಾರಿನಿಂದ 78 ವ್ಯಾಟ್‌ನಷ್ಟು ಎಳೆಯಬೇಕು. ಮೇಲೆ ಇನ್ವರ್ಟರಿನ ಫ್ಯಾನಿನ ಗೊರಗೊರ, ಮತ್ತು ಏನೂ ಸಿಕ್ಕಿಸದಿದ್ದರೂ ಅದು ಕುಡಿಯುವ ಕೆಲವು ವ್ಯಾಟ್.

ಯುಎಸ್‌ಬಿ ಟೈಪ್-ಸಿಯಿಂದ ಚಾರ್ಜ್ ಆಗುವ ಲ್ಯಾಪ್‌ಟಾಪ್ ಇದ್ದರೆ ಈ ಸರ್ಕಸ್ ಬೇಡ. ಸಾಕೆಟ್ಟಿಗೆ ಸಿಕ್ಕಿಸುವ ಕಾರ್ ಚಾರ್ಜರ್ ಒಂದೇ ಹಂತದಲ್ಲಿ 12ನ್ನು 20 ವೋಲ್ಟ್ ಮಾಡಿ ಕೊಡುತ್ತದೆ. ಇದರ ಹಿಂದಿರುವ ವ್ಯವಸ್ಥೆಯ ಹೆಸರು ಪವರ್ ಡೆಲಿವರಿ, ಸಂಕ್ಷಿಪ್ತವಾಗಿ ಪಿಡಿ. ಕೇಬಲ್ ಸಿಕ್ಕಿಸಿದ ಕೂಡಲೇ ಚಾರ್ಜರೂ ಲ್ಯಾಪ್‌ಟಾಪೂ ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಮಾತಾಡಿಕೊಳ್ಳುತ್ತವೆ: ನನ್ನ ಹತ್ತಿರ 5, 9, 15, 20 ವೋಲ್ಟ್ ಇದೆ ಅಂತ ಚಾರ್ಜರ್ ಹೇಳುತ್ತದೆ, 20 ವೋಲ್ಟಿನಲ್ಲಿ ಇಷ್ಟು ಆಂಪ್ ಕೊಡು ಅಂತ ಲ್ಯಾಪ್‌ಟಾಪ್ ಕೇಳುತ್ತದೆ. ಒಪ್ಪಂದವಾದ ಮೇಲೆ ಮಾತ್ರ ವೋಲ್ಟೇಜ್ ಏರುತ್ತದೆ. ಕಾರಿನಲ್ಲೇ ಇರುವ ಯುಎಸ್‌ಬಿ ಪೋರ್ಟ್ ಅಥವಾ ಫೋನಿಗೆಂದು ಕೊಂಡ ಚಾರ್ಜರ್ ಲ್ಯಾಪ್‌ಟಾಪಿಗೆ ಸಾಲದೆ ಹೋಗುವುದು ಇಲ್ಲೇ. ಅವುಗಳಲ್ಲಿ ಹಲವಕ್ಕೆ 20 ವೋಲ್ಟ್ ಕೊಡುವ ತಾಕತ್ತೇ ಇರುವುದಿಲ್ಲ.

ಚಾರ್ಜರ್ ಕೊಳ್ಳುವಾಗ ಮೂರು ಕಡೆ ಮೋಸ ಹೋಗುವ ಸಾಧ್ಯತೆಯಿದೆ. ಡಬ್ಬದ ಮೇಲೆ 100 ವ್ಯಾಟ್ ಅಂತ ದಪ್ಪಗೆ ಬರೆದಿರುತ್ತದೆ, ಅದು ಹಲವು ಸಲ ಎಲ್ಲ ಪೋರ್ಟ್ ಸೇರಿದ ಮೊತ್ತ. ಒಂದೇ ಟೈಪ್-ಸಿ ಪೋರ್ಟಿನಿಂದ 20 ವೋಲ್ಟಿನಲ್ಲಿ ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಹುಡುಕಿ. ಎರಡನೆಯದು, ಪಕ್ಕದ ಪೋರ್ಟಿಗೆ ಫೋನ್ ಸಿಕ್ಕಿಸಿದ ತಕ್ಷಣ ಲ್ಯಾಪ್‌ಟಾಪಿನ ಪಾಲು ಇಳಿಯುವ ಚಾರ್ಜರ್‌ಗಳಿವೆ. ಮೂರನೆಯದು ಕೇಬಲ್: ಸಾಮಾನ್ಯ ಟೈಪ್-ಸಿ ಕೇಬಲ್ 3 ಆಂಪ್‌ನದು, ಅಂದರೆ 60 ವ್ಯಾಟ್‌ಗೆ ಮುಗಿಯಿತು. ಅದಕ್ಕಿಂತ ಹೆಚ್ಚು ಬೇಕಾದರೆ ಒಳಗೆ ಚಿಪ್ ಇರುವ 5 ಆಂಪ್ ಕೇಬಲ್ ಬೇಕು. 2021ರಲ್ಲಿ ಬಂದ ಪಿಡಿ 3.1 ನಿಯಮ 240 ವ್ಯಾಟ್ ತನಕ ದಾರಿ ಮಾಡಿಕೊಟ್ಟಿದೆ. ಆದರೆ ಕಾರಿನ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 20 ಆಂಪ್ ಒಳಗೇ ಇರುತ್ತದೆ. 10 ಆಂಪ್ ಅಂದರೆ 120 ವ್ಯಾಟ್. ಆದ್ದರಿಂದ 45ರಿಂದ 65 ವ್ಯಾಟ್‌ನಲ್ಲಿ ತೃಪ್ತಿಪಡುವ ಲ್ಯಾಪ್‌ಟಾಪೇ ಕಾರಿಗೆ ಹೊಂದುವುದು. 200 ವ್ಯಾಟ್ ಅಡಾಪ್ಟರ್ ಕೇಳುವ ಗೇಮಿಂಗ್ ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಡಿ.

ಕೊಳ್ಳುವ ನಿರ್ಧಾರಕ್ಕೆ ಮುಖ್ಯವಾದ ಮಾತು ಈಗ ಬರುತ್ತದೆ. ನಿಂತ ಕಾರಿನ ಬ್ಯಾಟರಿಯಿಂದ ಲ್ಯಾಪ್‌ಟಾಪ್ ನಡೆಸಬಹುದೇ? 45 ಆಂಪ್-ಅವರ್‌ನ ಬ್ಯಾಟರಿ ಎಂದರೆ ಕಾಗದದ ಮೇಲೆ 540 ವ್ಯಾಟ್-ಅವರ್. ಕೇಳಲು ಬಹಳ ಅನ್ನಿಸುತ್ತದೆ. ಆದರೆ ಅದು ಇಂಜಿನ್ ಸ್ಟಾರ್ಟ್ ಮಾಡಲು ಒಂದೆರಡು ಸೆಕೆಂಡ್ ಜೋರಾಗಿ ಕರೆಂಟ್ ಕೊಡಲೆಂದು ತೆಳು ಫಲಕಗಳಿಂದ ಮಾಡಿದ ಲೆಡ್-ಆಸಿಡ್ ಬ್ಯಾಟರಿ. ನಿಧಾನವಾಗಿ ಆಳದವರೆಗೆ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಕಾಲುಭಾಗ ಮಾತ್ರ ನಮ್ಮದು ಅಂತ ಇಟ್ಟುಕೊಂಡರೆ ಸಿಗುವುದು 135 ವ್ಯಾಟ್-ಅವರ್. 65 ವ್ಯಾಟ್‌ನಲ್ಲಿ ಚಾರ್ಜ್ ಹಾಕಿದರೆ ಎರಡೇ ಗಂಟೆ. ಇದರ ಜೊತೆಗೆ ಸಾಕೆಟ್ ಕೆಲಸ ಮಾಡಲೆಂದು ಕೀಲಿ ತಿರುಗಿಸಿಟ್ಟರೆ ಸ್ಟೀರಿಯೊ, ಬ್ಲೋಯರ್, ಡ್ಯಾಶ್‌ಬೋರ್ಡ್ ದೀಪ ಎಲ್ಲವೂ ಪಾಲು ಕೇಳುತ್ತವೆ. ಮೂರು ವರ್ಷ ಹಳೆಯ ಬ್ಯಾಟರಿಯಾದರೆ ಮೊದಲಿನ ಸಾಮರ್ಥ್ಯವೂ ಉಳಿದಿರುವುದಿಲ್ಲ. ಲ್ಯಾಪ್‌ಟಾಪ್ ತುಂಬಿತು, ಕಾರು ಸ್ಟಾರ್ಟ್ ಆಗಲಿಲ್ಲ ಅನ್ನುವ ಕತೆಗಳು ಹೀಗೆ ಹುಟ್ಟುತ್ತವೆ.

ಹಾಗಾಗಿ ಓಡುವಾಗ ಚಾರ್ಜ್, ನಿಂತಾಗ ಕೆಲಸ ಎಂಬ ಪದ್ಧತಿಯೇ ಸರಿ. ಇದನ್ನು ಒಪ್ಪಿಕೊಂಡರೆ ಲ್ಯಾಪ್‌ಟಾಪಿನಲ್ಲಿ ಏನು ನೋಡಬೇಕು ಎಂಬುದೂ ಬದಲಾಗುತ್ತದೆ. ಎರಡು ಜಾಗದ ನಡುವೆ ಅರ್ಧ ಗಂಟೆ ಕಾರು ಓಡಿಸುತ್ತೀರಿ ಅಂದುಕೊಳ್ಳಿ. 65 ವ್ಯಾಟ್ ಪೂರ್ತಿ ಎಳೆದುಕೊಳ್ಳಬಲ್ಲ ಯಂತ್ರ ಅಷ್ಟರಲ್ಲಿ ಸುಮಾರು 30 ವ್ಯಾಟ್-ಅವರ್ ತುಂಬಿಕೊಳ್ಳುತ್ತದೆ. ಬರವಣಿಗೆ, ಮೇಲ್, ಬ್ರೌಸರ್ ಕೆಲಸಕ್ಕೆ 8 ವ್ಯಾಟ್ ಖರ್ಚು ಮಾಡುವ ಲ್ಯಾಪ್‌ಟಾಪ್ ಆದರೆ ಅದರಲ್ಲಿ ಮೂರೂವರೆ ಗಂಟೆ ನಡೆಯುತ್ತದೆ. ಅದೇ ಕೆಲಸಕ್ಕೆ 20 ವ್ಯಾಟ್ ತಿನ್ನುವ ಹಳೆಯ ಯಂತ್ರ ಒಂದೂವರೆ ಗಂಟೆಗೆ ಕೈಚೆಲ್ಲುತ್ತದೆ. ಬ್ಯಾಟರಿ ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ಬೇಗ ತುಂಬುತ್ತದೆ, ಎಷ್ಟು ನಿಧಾನ ಖಾಲಿಯಾಗುತ್ತದೆ ಎಂಬುದೇ ಇಲ್ಲಿ ಮುಖ್ಯ.

ಪ್ರಾಸೆಸರಿನ ಮಾತು ಬರಬೇಕಾದ್ದೂ ಇಲ್ಲೇ, ವೇಗಕ್ಕಾಗಿ ಅಲ್ಲ, ಮಿತವ್ಯಯಕ್ಕಾಗಿ. 2020ರಲ್ಲಿ ಬಂದ ಆಪಲ್ ಎಂ1, ಆಮೇಲೆ 2024ರಲ್ಲಿ ಬಂದ ಸ್ನಾಪ್‌ಡ್ರ್ಯಾಗನ್ ಎಕ್ಸ್, ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿ, ಇವೆಲ್ಲ ಹಗುರ ಕೆಲಸದಲ್ಲಿ ಬಹಳ ಕಡಿಮೆ ಕರೆಂಟ್ ತಿನ್ನುವಂತೆ ಮಾಡಿದವು. ಸ್ನಾಪ್‌ಡ್ರ್ಯಾಗನ್ ಆರಿಸುವವರು ಒಂದು ವಿಚಾರಿಸಿಕೊಳ್ಳಬೇಕು: ಸರ್ವೇ ಉಪಕರಣ, ವಾಹನದ ಸ್ಕ್ಯಾನರ್, ಹಳೆಯ ಪ್ರಿಂಟರ್ ಮುಂತಾದವಕ್ಕೆ ಬೇಕಾದ ಡ್ರೈವರ್, ಅಂದರೆ ಅವನ್ನು ನಡೆಸುವ ಪುಟ್ಟ ತಂತ್ರಾಂಶ, ವಿಂಡೋಸ್‌ನ ಆರ್ಮ್ ಆವೃತ್ತಿಗೆ (ಈ ಬಗೆಯ ಚಿಪ್‌ಗಳಿಗಾಗಿಯೇ ಇರುವ ವಿಂಡೋಸ್) ಇದೆಯೇ ಅಂತ. ಸಾಮಾನ್ಯ ತಂತ್ರಾಂಶಗಳನ್ನು ಅದು ಹೇಗೋ ನಡೆಸಿಕೊಳ್ಳುತ್ತದೆ, ಡ್ರೈವರ್ ವಿಷಯದಲ್ಲಿ ಆ ಜಾಣತನ ನಡೆಯುವುದಿಲ್ಲ. ಇಂಟೆಲ್ ಹೆಸರುಗಳ ಕೊನೆಗೆ ಎಚ್ ಅಥವಾ ಎಚ್‌ಎಕ್ಸ್ ಇದ್ದರೆ ಅವು ಹಸಿವು ಜಾಸ್ತಿ ಇರುವ ಜಾತಿ. ಯು, ವಿ ಇದ್ದರೆ ಮಿತಾಹಾರಿಗಳು.

ಪವರ್ ಬ್ಯಾಂಕ್ ಇಟ್ಟುಕೊಳ್ಳುವುದಾದರೆ ಎಂಎಎಚ್ (ಮಿಲಿಆಂಪ್-ಅವರ್) ಅಂಕಿಗೆ ಮರುಳಾಗಬೇಡಿ. ಆ ಅಂಕಿ ಒಳಗಿನ ಸೆಲ್‌ನ 3.7 ವೋಲ್ಟಿಗೆ ಸಂಬಂಧಿಸಿದ್ದು. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್, ಅದರಲ್ಲಿ ಲ್ಯಾಪ್‌ಟಾಪಿಗೆ ತಲುಪುವುದು 60ರ ಆಸುಪಾಸು. 20 ವೋಲ್ಟಿನಲ್ಲಿ ಕನಿಷ್ಠ 45 ವ್ಯಾಟ್ ಕೊಡದಿದ್ದರೆ ಅದು ಫೋನಿಗೆ ಮಾತ್ರ. 27,000 ಎಂಎಎಚ್‌ಗೆ ಹೆಚ್ಚಿನವು ನಿಂತುಬಿಡುವುದಕ್ಕೂ ಕಾರಣವಿದೆ, ಅದು ಸರಿಯಾಗಿ 99.9 ವ್ಯಾಟ್-ಅವರ್, ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಲು 100 ವ್ಯಾಟ್-ಅವರ್ ಮಿತಿ. ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿ 99ರಲ್ಲೇ ನಿಲ್ಲುವುದೂ ಇದೇ ಕಾರಣಕ್ಕೆ.

ಎಲೆಕ್ಟ್ರಿಕ್ ಕಾರಿನವರಿಗೆ ಈ ತಲೆನೋವು ಅರ್ಧಕ್ಕರ್ಧ ಇಲ್ಲ. ದೊಡ್ಡ ಬ್ಯಾಟರಿ 12 ವೋಲ್ಟಿನದನ್ನು ತುಂಬಿಸುತ್ತಲೇ ಇರುತ್ತದೆ, ಇಂಜಿನ್ ಇಲ್ಲದೆ ಏರ್ ಕಂಡಿಷನರ್ ಹಾಕಿಕೊಂಡೂ ಕೂರಬಹುದು. ಕೆಲವು ಮಾದರಿಗಳು ಗೋಡೆಯ ಪ್ಲಗ್‌ನಂಥದ್ದನ್ನೇ ಕೊಡುತ್ತವೆ.

ಪೆಟ್ರೋಲ್ ಡೀಸೆಲ್ ಕಾರಿನವರು ಮಾತ್ರ ಮುಚ್ಚಿದ ಗ್ಯಾರೇಜಿನಲ್ಲಿ, ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಇಂಜಿನ್ ಓಡಿಸಿಕೊಂಡು ಕೂರಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಂಪರು ಬಂದಿದ್ದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಬಿಸಿ

2005ರಲ್ಲಿ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕಾರಿನಲ್ಲಿ ಬಿಟ್ಟುಹೋದ ಮಕ್ಕಳ ಸಾವಿನ ಹಿನ್ನೆಲೆಯಲ್ಲಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಎಷ್ಟು ಬಿಸಿ ಏರುತ್ತದೆ ಎಂದು ಅಳೆದಿದ್ದರು. ಹೊರಗೆ 22 ಡಿಗ್ರಿಯ ಹಿತವಾದ ಹವೆ ಇದ್ದ ದಿನವೂ ಒಂದು ಗಂಟೆಯಲ್ಲಿ ಒಳಗಿನ ಉಷ್ಣತೆ ಸರಾಸರಿ 22 ಡಿಗ್ರಿಯಷ್ಟು ಮೇಲೇರಿತ್ತು, ಅದರಲ್ಲಿ ಶೇಕಡಾ 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ. ಗಾಜನ್ನು ಸ್ವಲ್ಪ ಇಳಿಸಿಟ್ಟರೂ ಹೆಚ್ಚೇನೂ ಉಪಯೋಗವಾಗಲಿಲ್ಲ.

ಲ್ಯಾಪ್‌ಟಾಪ್ ಏನು ಹೇಳುತ್ತದೆ? ಬಹುತೇಕ ತಯಾರಕರು ಬಳಸುವಾಗಿನ ಮಿತಿಯನ್ನು 35 ಡಿಗ್ರಿ ಎಂದು ಬರೆಯುತ್ತಾರೆ. ಆಪಲ್ ತನ್ನ ಲ್ಯಾಪ್‌ಟಾಪ್‌ಗಳನ್ನು 10ರಿಂದ 35 ಡಿಗ್ರಿ ನಡುವೆ ಬಳಸಿ, ಕಾರಿನಲ್ಲಿ ಬಿಟ್ಟುಹೋಗಬೇಡಿ ಎಂದು ಸ್ಪಷ್ಟವಾಗಿಯೇ ಹೇಳುತ್ತದೆ. ಲಿಥಿಯಂ-ಅಯಾನ್ ಸೆಲ್‌ಗಳನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಬಿಸಿಯಾದಾಗ ಚಾರ್ಜ್ ಮಾಡಬಾರದು, ಹಾಗಾಗಿ ಯಂತ್ರ ತಾನೇ ಚಾರ್ಜಿಂಗ್ ನಿಲ್ಲಿಸಿಬಿಡುತ್ತದೆ. ಬಿಸಿಲಲ್ಲಿ ಇಟ್ಟಿದ್ದ ಲ್ಯಾಪ್‌ಟಾಪ್ ಸಿಕ್ಕಿಸಿದರೂ ಪರ್ಸೆಂಟ್ ಏರದಿದ್ದರೆ ಚಾರ್ಜರನ್ನು ಬೈಯುವ ಮುನ್ನ ಲ್ಯಾಪ್‌ಟಾಪಿನ ಬೆನ್ನು ಮುಟ್ಟಿ ನೋಡಿ. ಮೊದಲು ತಣ್ಣಗಾಗಲಿ, ಆಮೇಲೆ ಚಾರ್ಜು.

ಆಯ್ಕೆಯಲ್ಲಿ ಇದರ ಪರಿಣಾಮ ಒಂದೇ: ಫ್ಯಾನ್ ಇರಬೇಕೇ ಬೇಡವೇ? ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್, ಟ್ಯಾಬ್ಲೆಟ್‌ಗಳು ಸದ್ದು ಮಾಡುವುದಿಲ್ಲ, ಧೂಳು ಎಳೆದುಕೊಳ್ಳುವುದಿಲ್ಲ, ತೊಡೆಯ ಮೇಲಿಟ್ಟರೆ ಗಾಳಿಕಿಂಡಿ ಮುಚ್ಚೀತೆಂಬ ಹೆದರಿಕೆಯಿಲ್ಲ. ಆದರೆ ಸೆಖೆಯಲ್ಲಿ ಅವುಗಳಿಗಿರುವ ಉಪಾಯ ಒಂದೇ, ನಿಧಾನವಾಗುವುದು. ಐಪ್ಯಾಡ್ ಬಿಸಿಯಾದರೆ ಪರದೆಯನ್ನೂ ಮಂಕು ಮಾಡುತ್ತದೆ, ಅಂದರೆ ಬೆಳಕು ಅತಿ ಹೆಚ್ಚು ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಬರವಣಿಗೆ, ಮೇಲ್ ಅಷ್ಟೇ ಇದ್ದರೆ ಫ್ಯಾನ್ ಇಲ್ಲದ್ದೇ ಲೇಸು ಎಂದು ನನ್ನ ಅಭಿಪ್ರಾಯ. ಡ್ರಾಯಿಂಗ್ ತಂತ್ರಾಂಶ, ದೊಡ್ಡ ಲೆಕ್ಕಪತ್ರ, ಗಂಟೆಗಟ್ಟಲೆ ವಿಡಿಯೊ ಕಾಲ್ ಇದ್ದರೆ ಫ್ಯಾನ್ ಬೇಕು, ಮತ್ತು ಅದು ಬಿಸಿಗಾಳಿಯನ್ನು ಎಲ್ಲಿಂದ ಹೊರಹಾಕುತ್ತದೆ ಅಂತ ತಿರುಗಿಸಿ ನೋಡಬೇಕು. ತಳದಿಂದ ಗಾಳಿ ಎಳೆದುಕೊಳ್ಳುವ ಯಂತ್ರವನ್ನು ಮೆತ್ತನೆಯ ಸೀಟಿನ ಮೇಲಿಟ್ಟರೆ ಉಸಿರು ಕಟ್ಟುತ್ತದೆ; ಅಡಿಗೆ ಒಂದು ತೆಳು ಹಲಗೆ ಸಾಕು.

ಚಳಿ ದೇಶದವರ ಸಮಸ್ಯೆ ಬೇರೆ. ಸೊನ್ನೆಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಶಾಶ್ವತ ಹಾನಿಯಾಗುತ್ತದೆ. ರಾತ್ರಿಯಿಡೀ ಕೊರೆದ ಲ್ಯಾಪ್‌ಟಾಪನ್ನು ಬೆಚ್ಚನೆ ಜಾಗಕ್ಕೆ ತಂದ ಕೂಡಲೇ ಆನ್ ಮಾಡಿದರೆ ಒಳಗೆ ಕೂತ ತೇವ ಕೆಡಿಸೀತು.

ಎಲ್ಲಿ ಕೂರುವುದು, ಎಷ್ಟು ದೊಡ್ಡದು

ಚಾಲಕನ ಸೀಟಿನಲ್ಲಿ ಕೂತು ಸ್ಟೀರಿಂಗಿಗೆ ಲ್ಯಾಪ್‌ಟಾಪ್ ಒರಗಿಸಿಕೊಳ್ಳುವುದು ಎಲ್ಲರೂ ಮೊದಲು ಮಾಡುವ ಪ್ರಯತ್ನ. ಹೊಟ್ಟೆಗೂ ಚಕ್ರಕ್ಕೂ ನಡುವೆ ಜಾಗವೇ ಇರುವುದಿಲ್ಲ, ಮೊಣಕೈ ಬಾಗಿಲಿಗೆ ತಾಗುತ್ತದೆ, ಹಾರ್ನ್ ಒತ್ತಿಹೋಗುತ್ತದೆ. ಸ್ಟೀರಿಂಗಿಗೆ ಸಿಕ್ಕಿಸುವ ಟ್ರೇಗಳು ಸಿಗುತ್ತವೆ. ಕಾರು ಹೊರಡುವ ಮುನ್ನ ಅದನ್ನು ತೆಗೆಯಲೇಬೇಕು, ಏಕೆಂದರೆ ಅದರ ಹಿಂದೆಯೇ ಏರ್‌ಬ್ಯಾಗ್ ಇದೆ. ಪಕ್ಕದ ಸೀಟಿಗೆ ದಾಟಿ ಅದನ್ನು ಪೂರ್ತಿ ಹಿಂದಕ್ಕೆ ಸರಿಸಿ ಕೂತರೆ ಈ ಕಷ್ಟಗಳಲ್ಲಿ ಹೆಚ್ಚಿನವು ಮಾಯ.

14 ಇಂಚಿನ ಲ್ಯಾಪ್‌ಟಾಪ್ ಸುಮಾರು 31 ಸೆಂಟಿಮೀಟರ್ ಅಗಲ, 22 ಸೆಂಟಿಮೀಟರ್ ಆಳ. 15.6 ಇಂಚಿನದು 36 ಸೆಂಟಿಮೀಟರ್ ಅಗಲ. ಕಾಗದದ ಮೇಲೆ ಐದು ಸೆಂಟಿಮೀಟರ್ ಅಂತರ ಏನೂ ಅಲ್ಲ, ತೊಡೆಯ ಮೇಲೆ ಅದು ದೊಡ್ಡ ವಿಷಯ. ದೊಡ್ಡದರ ಎರಡೂ ಮೂಲೆ ತೊಡೆಯಿಂದಾಚೆ ತೂಗುತ್ತವೆ. 13 ಅಥವಾ 14 ಇಂಚು, ಒಂದೂವರೆ ಕಿಲೋ ಒಳಗೆ, ಇದು ಕಾರಿಗೆ ಸರಿಯಾದ ಅಳತೆ. ಪರದೆಯ ಅನುಪಾತ 16:9ರ ಬದಲು 16:10 ಇದ್ದರೆ ಅಷ್ಟೇ ಅಗಲದಲ್ಲಿ ಒಂದೆರಡು ಸಾಲು ಹೆಚ್ಚು ಕಾಣುತ್ತವೆ.

ಕೀಲು ಎಷ್ಟು ತೆರೆಯುತ್ತದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ನೋಡುವುದಿಲ್ಲ. ಒರಗಿ ಕೂತಾಗ ಲ್ಯಾಪ್‌ಟಾಪ್ ತೊಡೆಯ ಮೇಲೆ ತೀರಾ ಕೆಳಗಿರುತ್ತದೆ, ಪರದೆಯನ್ನು ಚೆನ್ನಾಗಿ ಹಿಂದಕ್ಕೆ ಬಾಗಿಸಬೇಕಾಗುತ್ತದೆ. 130 ಡಿಗ್ರಿಗೇ ನಿಲ್ಲುವ ಕೀಲು ಕಿರಿಕಿರಿ ಮಾಡುತ್ತದೆ. ಹಾಗೆಂದು ಬಾಗಿಸಿದಷ್ಟೂ ಮೇಲಿನ ಗಾಜಿನ ಬೆಳಕು ಪರದೆಯೊಳಗೆ ಬೀಳುತ್ತದೆ, ಮ್ಯಾಟ್ ಪರದೆಯ ಬೆಲೆ ತಿಳಿಯುವುದು ಆಗಲೇ. ಹಿಂದೆ ಕಾಲು ಕೊಟ್ಟು ನಿಲ್ಲಿಸುವ ಟ್ಯಾಬ್ಲೆಟ್-ಕೀಬೋರ್ಡ್ ಜೋಡಿಗಳು ಮೇಜಿನ ಮೇಲೆ ಸೊಗಸು. ತೊಡೆಯ ಮೇಲೆ ಅವಕ್ಕೆ ಮಾಮೂಲಿ ಲ್ಯಾಪ್‌ಟಾಪ್‌ಗಿಂತ ಹೆಚ್ಚು ಆಳ ಬೇಕು, ಮೊಣಕಾಲಿನ ಆಚೆ ಜಾರುತ್ತವೆ. ಸಹಿ ಹಾಕಿಸುವುದು, ಫಾರಂ ತುಂಬುವುದು, ಫೋಟೊ ಮೇಲೆ ಗುರುತು ಹಾಕುವುದು ನಿಮ್ಮ ಮುಖ್ಯ ಕೆಲಸವಾಗಿದ್ದರೆ ಮಾತ್ರ ಅವನ್ನು ಆರಿಸಿ.

ಚಾರ್ಜಿಂಗ್ ಪೋರ್ಟ್ ಎರಡೂ ಬದಿಗೆ ಇದ್ದರೆ ಒಳ್ಳೆಯದು. ಕಾರಿನ ಸಾಕೆಟ್ ಇರುವುದು ಎರಡು ಸೀಟಿನ ನಡುವೆ. ಪೋರ್ಟ್ ಬಾಗಿಲಿನ ಕಡೆಗಿದ್ದರೆ ಕೇಬಲ್ ಹೊಟ್ಟೆಯ ಮೇಲೆ ಹಾದುಬರುತ್ತದೆ, ಇಳಿಯುವಾಗ ಕಾಲಿಗೆ ಸಿಕ್ಕಿ ಲ್ಯಾಪ್‌ಟಾಪನ್ನೂ ಎಳೆದುಕೊಂಡು ಹೋಗುತ್ತದೆ.

ಕೀಬೋರ್ಡಿನ ಕೆಳಗೆ ದೀಪ ಇರಲಿ. ಕಾರು ಹೊರಟಾಗ ಲ್ಯಾಪ್‌ಟಾಪ್ ಸೀಟಿನ ಮೇಲೆ ಸಡಿಲವಾಗಿ ಬಿದ್ದಿರಬಾರದು, ಗಕ್ಕನೆ ಬ್ರೇಕ್ ಹಾಕಿದರೆ ಅದು ಹಾರಿಬರುತ್ತದೆ.

ಗಟ್ಟಿತನ, ನೆಟ್‌ವರ್ಕ್

ಪ್ಯಾನಾಸಾನಿಕ್ 1996ರಿಂದ ಟಫ್‌ಬುಕ್ ಮಾಡುತ್ತಿದೆ. ಗೆಟಾಕ್, ಡೆಲ್ ಕೂಡ ಇಂಥವನ್ನು ಮಾಡುತ್ತವೆ. ಬೀಳಿಸಿದರೂ, ಮೇಲೆ ನೀರು ಚೆಲ್ಲಿದರೂ ನಡೆಯುವ, ಕೈಗವಸು ಹಾಕಿಕೊಂಡೇ ಮುಟ್ಟಬಹುದಾದ ಯಂತ್ರಗಳು. ತೂಕ, ದಪ್ಪ, ಬೆಲೆ ಎಲ್ಲವೂ ಜಾಸ್ತಿ. ಲ್ಯಾಪ್‌ಟಾಪ್ ಕಾರಿನಿಂದಿಳಿದು ಮಣ್ಣಿಗೆ, ಮಳೆಗೆ ಹೋಗುತ್ತದೆ ಅಂದರೆ ಅವು ಸಾರ್ಥಕ. ಕಾರಿನೊಳಗೇ ಇರುತ್ತದೆ ಅಂದರೆ ವ್ಯರ್ಥ ಭಾರ. ಮಾಮೂಲಿ ಲ್ಯಾಪ್‌ಟಾಪ್‌ಗಳ ಜಾಹೀರಾತಿನಲ್ಲೂ ಮಿಲ್-ಎಸ್‌ಟಿಡಿ-810ಎಚ್ ಎಂಬ ಸೇನಾ ಮಾನದಂಡದ ಹೆಸರು ಕಾಣಿಸುತ್ತದೆ. ಅದು ಯಾರೋ ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರವಲ್ಲ, ಪರೀಕ್ಷೆಗಳ ದೊಡ್ಡ ಪಟ್ಟಿ. ಅದರಲ್ಲಿ ಯಾವುದನ್ನು ಮಾಡಬೇಕು ಎಂದು ತಯಾರಕರೇ ಆರಿಸಿಕೊಳ್ಳಬಹುದು. ಐಪಿ65 ಅಂತಿದ್ದರೆ ಅರ್ಥ ಖಚಿತ: 6 ಎಂದರೆ ಧೂಳು ಒಳಹೋಗದು, 5 ಎಂದರೆ ಪೈಪಿನಿಂದ ಹಾಯಿಸಿದ ನೀರನ್ನು ತಡೆದುಕೊಳ್ಳುತ್ತದೆ.

ನೆಟ್‌ವರ್ಕ್‌ಗೆ ಫೋನಿನ ಹಾಟ್‌ಸ್ಪಾಟ್ ಸಾಕು, ಆದರೆ ಫೋನನ್ನು ಲ್ಯಾಪ್‌ಟಾಪಿಗೆ ಕೇಬಲ್ ಮೂಲಕ ಜೋಡಿಸಿ (ಟೆದರ್ ಮಾಡಿ): ವೈಫೈ ಕರೆಂಟ್ ಉಳಿಯುತ್ತದೆ, ಫೋನೂ ಬಿಸಿಯಾಗುವುದು ಕಮ್ಮಿ. ಕಾರಿನ ಲೋಹದ ಮೈ ಸಿಗ್ನಲ್ ತಡೆಯುತ್ತದೆ, ಬಿಸಿಲು ತಡೆಯಲೆಂದು ಲೋಹದ ತೆಳು ಲೇಪವಿರುವ ಗಾಜಾದರೆ ಇನ್ನಷ್ಟು. ಫೋನನ್ನು ಕಪ್ ಹೋಲ್ಡರಿನ ಹೊಂಡದಲ್ಲಿಡುವ ಬದಲು ಪಕ್ಕದ ಕಿಟಕಿಯ ಹತ್ತಿರ, ನೆರಳಿನಲ್ಲಿ ಇಟ್ಟರೆ ಒಂದೆರಡು ಕಡ್ಡಿ ಏರುವುದುಂಟು. ಲ್ಯಾಪ್‌ಟಾಪಿನೊಳಗೇ ಸಿಮ್ ಬೇಕೆನ್ನುವವರು ಕೊಳ್ಳುವಾಗಲೇ ಆ ಮಾದರಿ ಕೇಳಿ ಪಡೆಯಬೇಕು. ಆಂಟೆನಾ ತಂತಿಗಳನ್ನು ಕಾರ್ಖಾನೆಯಲ್ಲೇ ಎಳೆದಿರುತ್ತಾರೆ, ಇಲ್ಲದ ಮಾದರಿಗೆ ಆಮೇಲೆ ಸೇರಿಸುವುದು ಪ್ರಯಾಸ. ವಿಡಿಯೊ ಕಾಲ್ ಇದ್ದರೆ ಬೆನ್ನ ಹಿಂದೆ ಬೆಳಗುವ ಗಾಜು ಬರದಂತೆ ಕೂರಿ, ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಕ್ಯಾಮೆರಾದಲ್ಲೂ ಮುಖ ಕಪ್ಪಾಗಿ ಕಾಣುತ್ತದೆ.

ಹೊಸದು ಕೊಳ್ಳುವ ಮುಂಚೆ ಕೈಯಲ್ಲಿರುವುದನ್ನೇ ಒಮ್ಮೆ ತೂಗಿ ನೋಡುವುದು ಒಳ್ಳೆಯದು. ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ಆಜ್ಞೆ ಇದೆ, ಹೊಸದಿದ್ದಾಗಿನ ಸಾಮರ್ಥ್ಯ ಮತ್ತು ಈಗ ಉಳಿದಿರುವುದು ಎರಡನ್ನೂ ತೋರಿಸುತ್ತದೆ. 50 ವ್ಯಾಟ್-ಅವರ್ ಇದ್ದದ್ದು 30ಕ್ಕೆ ಇಳಿದಿದ್ದರೆ ಬ್ಯಾಟರಿ ಬದಲಿಸಿದರೆ ಸಾಕಾಗಬಹುದು. ಟೈಪ್-ಸಿ ಚಾರ್ಜಿಂಗ್ ಇಲ್ಲದ, ದುಂಡು ಪಿನ್ನಿನ ಹಳೆಯ ಲ್ಯಾಪ್‌ಟಾಪಿಗೂ ಅದರದೇ ವೋಲ್ಟೇಜಿನ ಕಾರ್ ಅಡಾಪ್ಟರ್ ಸಿಗುವುದುಂಟು, ಇನ್ವರ್ಟರ್ ಬೇಕಿಲ್ಲ. ಬ್ಯಾಟರಿ ಬದಲಿಸಬಹುದು, ಚಾರ್ಜರ್ ಬದಲಿಸಬಹುದು, ಹಲಗೆ ಇಟ್ಟು ಬಿಸಿ ಇಳಿಸಬಹುದು. 250 ನಿಟ್ಸ್‌ನ ಹೊಳೆಯುವ ಪರದೆಗೆ ಮಾತ್ರ ಮದ್ದಿಲ್ಲ. ಹಗಲು ಕಾರಿನಲ್ಲಿ ದಿನವೂ ಕೂರುವವರಾದರೆ ಹೊಸ ಲ್ಯಾಪ್‌ಟಾಪಿಗೆ ಕೈಹಾಕಲು ಅದೊಂದೇ ಕಾರಣ ಸಾಕು.